ದಪ್ಪಗಿರುವ ನಾಯಿಗೂ ಹಸಿವಾಗುತ್ತದೆ

ಮನೆಯ ನಾಯಿ ದಪ್ಪಗಾಗಿದೆ ಎಂಬುದು ಕೊನೆಗೆ ಗೊತ್ತಾಗುವುದು ಮನೆಯವರಿಗೇ. ದಿನವೂ ಕಣ್ಣೆದುರು ಓಡಾಡುವ ಪ್ರಾಣಿ ತಿಂಗಳಿಗೆ ಕಾಲು ಕಿಲೋ ಹೆಚ್ಚಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲಸಿಕೆ ಹಾಕಿಸಲು ಹೋದ ದಿನ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಡಾಕ್ಟರು ‘ಒಂಬತ್ತು ಕಿಲೋ ಹೆಚ್ಚಿದೆಯಲ್ಲ’ ಎನ್ನುತ್ತಾರೆ. ‘ಇದು ಅಷ್ಟೇನೂ ತಿನ್ನುವುದಿಲ್ಲ ಸಾರ್, ಊಟ ಕಡಿಮೆಯೇ’ ಎಂಬ ಉತ್ತರ ಕೂಡಲೇ ಬರುತ್ತದೆ. ಹಾಗೆ ಹೇಳುವವರು ಸುಳ್ಳಾಡುತ್ತಿರುವುದಿಲ್ಲ. ಬಟ್ಟಲಿಗೆ ಹಾಕುವುದು ನಿಜವಾಗಿಯೂ ಕಡಿಮೆ ಇರಬಹುದು. ಬಟ್ಟಲಿನ ಆಚೆಗೆ, ಅಡುಗೆಮನೆ ಬಾಗಿಲಲ್ಲಿ, ಊಟದ ಮೇಜಿನ ಕೆಳಗೆ, ಸಂಜೆಯ ಚಹಾದ ಹೊತ್ತಿನಲ್ಲಿ ನಾಯಿಯ ಬಾಯಿಗೆ ಹೋಗುವುದನ್ನು ಯಾರೂ ಊಟ ಎಂದು ಎಣಿಸಿರುವುದಿಲ್ಲ, ಅಷ್ಟೆ.

ತೂಕದ ಯಂತ್ರಕ್ಕಿಂತ ಮೊದಲು ಕೈಯಿಂದಲೇ ಪರೀಕ್ಷೆ ಮಾಡಬಹುದು. ನಾಯಿ ನಿಂತಿರುವಾಗ ಹಿಂದಿನಿಂದ ಎರಡೂ ಅಂಗೈಗಳನ್ನು ಅದರ ಪಕ್ಕೆಗಳ ಮೇಲಿಟ್ಟು, ಬೆರಳುಗಳನ್ನು ಮೆಲ್ಲನೆ ಹಿಂದೆಮುಂದೆ ಆಡಿಸಿ. ಒತ್ತದೆಯೇ ಪಕ್ಕೆಲುಬುಗಳು ಒಂದೊಂದಾಗಿ ಬೆರಳಿಗೆ ತಗುಲಬೇಕು. ನಿಮ್ಮ ಕೈಯನ್ನು ಚಾಚಿಟ್ಟು, ಬೆರಳುಗಳ ಬುಡದ ಮೇಲೆ ಹಿಂಬದಿಯಿಂದ ಸವರಿದಾಗ ಮೂಳೆ ಹೇಗೆ ತಿಳಿಯುತ್ತದೆಯೋ ನಾಯಿಯ ಪಕ್ಕೆಯೂ ಹಾಗೆ ತಿಳಿದರೆ ಸರಿ. ಮುಷ್ಟಿ ಬಿಗಿದಾಗ ಗೆಣ್ಣುಗಳು ಎದ್ದು ಕಾಣುವಂತಿದ್ದರೆ ಬಡಕಲಾಯಿತು. ಅಂಗೈಯ ಮೆತ್ತನೆಯ ಭಾಗವನ್ನು ಒತ್ತಿದಂತೆ ಅನ್ನಿಸಿ, ಮೂಳೆಗಾಗಿ ಹುಡುಕಬೇಕಾದರೆ ಅಲ್ಲಿ ಕೊಬ್ಬಿನ ಪದರವಿದೆ. ಆಮೇಲೆ ಎದ್ದು ನಿಂತು ಮೇಲಿನಿಂದ ನೋಡಿ. ಪಕ್ಕೆಗಳ ಹಿಂದೆ ಸೊಂಟ ಒಳಕ್ಕೆ ಹೋಗಿರಬೇಕು. ಪಕ್ಕದಿಂದ ನೋಡಿದರೆ ಎದೆಯಿಂದ ಹಿಂಗಾಲಿನ ಕಡೆಗೆ ಹೊಟ್ಟೆ ಮೇಲೇರಿರಬೇಕು. ಬಾಲದ ಬುಡದಲ್ಲಿ ಮೆತ್ತೆ ಕಟ್ಟಿದ್ದರೆ ಅದೂ ಕೊಬ್ಬೇ.

ಪಶುವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಬರೆದುಕೊಳ್ಳುತ್ತಾರೆ. 4 ಮತ್ತು 5 ಆರೋಗ್ಯದ ಅಂಕ. ಅಲ್ಲಿಂದ ಮೇಲಕ್ಕೆ ಒಂದೊಂದು ಅಂಕ ಏರಿದರೂ ನಾಯಿ ತಾನಿರಬೇಕಾದ ತೂಕಕ್ಕಿಂತ ಶೇ 10ರಿಂದ 15ರಷ್ಟು ಹೆಚ್ಚಿದೆ ಎಂದು ಸ್ಥೂಲವಾಗಿ ತಿಳಿಯಬಹುದು. 8 ಅಂಕ ಪಡೆದ 39 ಕಿಲೋದ ಲ್ಯಾಬ್ರಡಾರ್ ಸುಮಾರು 30 ಕಿಲೋ ಇರಬೇಕಿತ್ತು ಎಂಬ ಲೆಕ್ಕ ಬರುವುದು ಹೀಗೆ. ಈ 30 ಎಂಬ ಸಂಖ್ಯೆ ಮುಂದೆ ಪದೇ ಪದೇ ಬರುತ್ತದೆ.

ತಳಿಯನ್ನು ನೋಡಿ ಕಣ್ಣು ಮೋಸಹೋಗುವುದೂ ಉಂಟು. ನಮ್ಮ ಬಾಗಲಕೋಟೆ ಕಡೆಯ ಮುಧೋಳ ನಾಯಿಗೆ ಕೊನೆಯ ಕೆಲವು ಪಕ್ಕೆಲುಬುಗಳು ಕಾಣುವುದೇ ಸಹಜ. ಓಡುವುದಕ್ಕಾಗಿಯೇ ಬೆಳೆಸಿದ ದೇಹ ಅದು. ಬೆಂಗಳೂರಿನ ಫ್ಲಾಟಿಗೆ ಬಂದ ಮುಧೋಳವನ್ನು ‘ಅಯ್ಯೋ, ಸೊರಗಿದೆ’ ಎಂದು ತಿನ್ನಿಸಿ ಪಕ್ಕೆ ಮುಚ್ಚಿಸುವುದು ಉಪಕಾರವಲ್ಲ. ಇದಕ್ಕೆ ತದ್ವಿರುದ್ಧ, ನಾವು ಪೊಮೆರೇನಿಯನ್ ಎಂದು ಕರೆಯುವ ಬಿಳಿ ಸ್ಪಿಟ್ಜ್. ಅದರ ದಟ್ಟ ರೋಮದ ಕೆಳಗೆ ಎರಡು ಕಿಲೋ ಕೊಬ್ಬು ಅಡಗಿದ್ದರೂ ಕಣ್ಣಿಗೆ ತಿಳಿಯುವುದಿಲ್ಲ. ರೋಮದ ನಾಯಿಗಳ ವಿಷಯದಲ್ಲಿ ಕೈಯನ್ನು ನಂಬಬೇಕು.

ಸ್ವಲ್ಪ ದುಂಡಗಿದ್ದರೆ ಏನಾಯಿತು ಎಂದು ಕೇಳುವವರಿಗೆ ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಗಳಾಗಿದ್ದಾಗಿನಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೇ ಉತ್ತರ. ಒಂದೇ ಸೂಲಿನ ಮರಿಗಳನ್ನು ಎರಡೆರಡಾಗಿ ಜೋಡಿ ಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರವನ್ನು ಜೀವನಪೂರ್ತಿ ಕೊಟ್ಟರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂದವುಗಳ ಮಧ್ಯಮ ಆಯುಷ್ಯ 11.2 ವರ್ಷ, ಕಡಿಮೆ ತಿಂದವುಗಳದ್ದು 13 ವರ್ಷ. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತೆಳ್ಳಗಿದ್ದ ನಾಯಿಗಳಿಗೆ ತಡವಾಗಿಯೇ. ಈ ಅಧ್ಯಯನದಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಹೆಚ್ಚು ತಿಂದ ಗುಂಪಿನ ನಾಯಿಗಳು ವಿಪರೀತ ದಪ್ಪವೇನೂ ಇರಲಿಲ್ಲ. ಅವುಗಳ ಸರಾಸರಿ ಅಂಕ 7ರ ಒಳಗೇ ಇತ್ತು. ಬೀದಿಯಲ್ಲಿ ಎದುರಾದರೆ ‘ಚೆನ್ನಾಗಿ ಸಾಕಿದ್ದಾರೆ’ ಎಂದು ನಾವೇ ಹೊಗಳುವಂಥ ನಾಯಿಗಳು. ಅಷ್ಟು ದುಂಡಗಿದ್ದುದಕ್ಕೇ ಎರಡು ವರ್ಷದ ಹತ್ತಿರ ಹತ್ತಿರ ಆಯುಷ್ಯ ಹೋಯಿತು.

ಇದರ ಇನ್ನೊಂದು ಮುಖ ಧೈರ್ಯ ಕೊಡುವಂಥದ್ದು. ಕೀಲು ಸವೆದು ಕುಂಟುವ ದಪ್ಪ ನಾಯಿಗಳು ತಮ್ಮ ತೂಕದ ಶೇ 6ರಷ್ಟು ಇಳಿಸಿದಾಗಲೇ ನಡಿಗೆಯಲ್ಲಿ ಎದ್ದು ಕಾಣುವ ಸುಧಾರಣೆ ಆದದ್ದು ದಾಖಲಾಗಿದೆ. 39 ಕಿಲೋದ ನಾಯಿಗೆ ಅದು ಎರಡೂಕಾಲು ಕಿಲೋ. ಗುರಿ ಇನ್ನೂ ದೂರವಿರುವಾಗಲೇ ನಾಯಿ ಮೆಟ್ಟಿಲು ಹತ್ತುವುದು ಹಗುರಾಗುತ್ತದೆ.

ಇನ್ನು ಹಸಿವಿನ ಮಾತು. ಊಟವಾಗಿ ಹತ್ತು ನಿಮಿಷವಾಗಿಲ್ಲ, ಲ್ಯಾಬ್ರಡಾರ್ ಬಂದು ಮೊಣಕಾಲಿನ ಮೇಲೆ ಗದ್ದವಿಟ್ಟು ತಟ್ಟೆಯನ್ನೇ ನೋಡುತ್ತದೆ. ಇದನ್ನು ನಾಟಕ ಎನ್ನುವವರಿದ್ದಾರೆ. ನಾಟಕವಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲ. ಆ ಜೀನ್ ಮೆದುಳಿಗೆ ‘ಸಾಕು’ ಎಂದು ತಿಳಿಸುವ ವ್ಯವಸ್ಥೆಯ ಭಾಗ. ತುಣುಕು ಕಳೆದುಕೊಂಡ ನಾಯಿಗಳು ಉಳಿದವಕ್ಕಿಂತ ಸರಾಸರಿ ಎರಡು ಕಿಲೋ ಹೆಚ್ಚು ತೂಗುತ್ತಿದ್ದವು. 2024ರಲ್ಲಿ ಅದೇ ತಂಡ ಇನ್ನಷ್ಟು ಬಿಡಿಸಿ ನೋಡಿತು. ಹೊಟ್ಟೆ ತುಂಬಲು ಆ ನಾಯಿಗಳಿಗೆ ಹೆಚ್ಚು ಆಹಾರವೇನೂ ಬೇಕಾಗಲಿಲ್ಲ. ಆದರೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ ಅವಕ್ಕೆ ಹೆಚ್ಚು ಹಸಿವಾಗುತ್ತಿತ್ತು. ಅದರ ಜೊತೆಗೆ, ಸುಮ್ಮನೆ ಮಲಗಿದ್ದಾಗ ಅವುಗಳ ದೇಹ ಬಳಸುವ ಶಕ್ತಿ ಕಾಲು ಭಾಗದಷ್ಟು ಕಡಿಮೆ ಇತ್ತು. ಹೆಚ್ಚು ಹಸಿವು, ಕಡಿಮೆ ಖರ್ಚು: ಎರಡೂ ಒಂದೇ ದೇಹದಲ್ಲಿ.

ಹಾಗಾಗಿ ತೂಕ ಇಳಿಸುವುದೆಂದರೆ ನಾಯಿಯ ಹಟ ಮುರಿಯುವುದು ಎಂದು ಯಾರಾದರೂ ಭಾವಿಸಿದ್ದರೆ ಅದನ್ನು ಬಿಡಬೇಕು. ಅದರ ಹಸಿವು ನಿಜ. ಅದಕ್ಕೆ ಬೇಕಾದ ಶಕ್ತಿ ಮಾತ್ರ ಆ ಹಸಿವು ಕೇಳುವಷ್ಟಿಲ್ಲ. ಇವೆರಡನ್ನೂ ಒಟ್ಟಿಗೆ ನಿಭಾಯಿಸಲು ಬಂದರೆ ಕೆಲಸ ಮುಕ್ಕಾಲು ಆದಂತೆ.

ಆರಂಭಿಸುವ ಮುನ್ನ ಒಮ್ಮೆ ಪಶುವೈದ್ಯರಲ್ಲಿಗೆ ಹೋಗಲೇಬೇಕು. ತಿನ್ನುವುದು ನಿಜಕ್ಕೂ ಕಡಿಮೆಯಿದ್ದು, ನಾಯಿ ಮಂಕಾಗಿ, ರೋಮ ಉದುರಿ, ದಪ್ಪಗಾಗುತ್ತಿದ್ದರೆ ಥೈರಾಯ್ಡ್ ಗ್ರಂಥಿ ಕುಂದಿರಬಹುದು. ಅತಿಯಾಗಿ ನೀರು ಕುಡಿದು, ಅತಿಯಾಗಿ ಮೂತ್ರ ಮಾಡಿ, ಹೊಟ್ಟೆ ಜೋತುಬಿದ್ದಿದ್ದರೆ ಕುಷಿಂಗ್ ಕಾಯಿಲೆಯನ್ನು ಅನುಮಾನಿಸುತ್ತಾರೆ. ತುರಿಕೆಗೆ ಕೊಡುವ ಪ್ರೆಡ್ನಿಸೊಲೋನ್, ಫಿಟ್ಸ್‌ಗೆ ಕೊಡುವ ಫಿನೋಬಾರ್ಬಿಟಾಲ್ ಹಸಿವನ್ನು ಕೆರಳಿಸುತ್ತವೆ. ಹಾಗೆಂದು ಅವನ್ನು ನಾವೇ ನಿಲ್ಲಿಸುವುದು ಅಪಾಯ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ಹತ್ತಿರವಿದ್ದವರು ಅಲ್ಲಿಗೂ ಹೋಗಬಹುದು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗೆ ಮೊದಲಿನಷ್ಟು ಆಹಾರ ಬೇಕಾಗುವುದಿಲ್ಲ, ಹಸಿವು ಮಾತ್ರ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆ ಬೇಡ ಎನ್ನಲು ಇದು ಕಾರಣವಲ್ಲ. ಹೊಲಿಗೆ ಬಿಚ್ಚಿದ ವಾರದಿಂದಲೇ ಬಟ್ಟಲು ಸ್ವಲ್ಪ ಹಗುರವಾಗಬೇಕು, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ನಾಯಿ ಏನೂ ಮಾಡದೆ ಮಲಗಿದ್ದರೂ ಉಸಿರಾಟ, ಹೃದಯದ ಬಡಿತ, ಮೈಶಾಖಕ್ಕೆ ಇಷ್ಟು ಶಕ್ತಿ ಬೇಕು ಎಂಬುದಕ್ಕೆ ಒಂದು ಸೂತ್ರವಿದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆದು, 70ರಿಂದ ಗುಣಿಸಬೇಕು. 30 ಕಿಲೋಗೆ ಮಾಡಿ ನೋಡೋಣ. 30 × 30 × 30 ಅಂದರೆ 27,000. ಅದರ ವರ್ಗಮೂಲ 164, ಅದರದ್ದೂ ವರ್ಗಮೂಲ 12.8. 70ರಿಂದ ಗುಣಿಸಿದರೆ ಸುಮಾರು 900 ಕಿಲೋಕ್ಯಾಲೊರಿ. ತೂಕ ಇಳಿಸಲು ಬಹಳಷ್ಟು ವೈದ್ಯರು ಆರಂಭಿಸುವುದು ಈ ಸಂಖ್ಯೆಯಿಂದ. ಇಲ್ಲಿ ಬಳಸಿದ್ದು ಇರಬೇಕಾದ ತೂಕ, ಇರುವ ತೂಕವಲ್ಲ ಎಂಬುದನ್ನು ಗಮನಿಸಿ. ಡಾಗ್ ಫುಡ್ ಚೀಲದ ಮೇಲಿನ ಪಟ್ಟಿ ನೋಡಿ 39 ಕಿಲೋಗೆ ಹೇಳಿದಷ್ಟು ಹಾಕಿದರೆ 39 ಕಿಲೋದ ನಾಯಿಯನ್ನೇ ಉಳಿಸಿಕೊಂಡಂತಾಗುತ್ತದೆ.

ಆ ಮನೆಯಲ್ಲಿ ನಾಯಿಗೆ ಸಿಗುತ್ತಿರುವುದೆಷ್ಟು? ಒಂದು ಸಾಮಾನ್ಯ ದಿನವನ್ನು ಬರೆದಿಡೋಣ. ಒಣ ಆಹಾರ 300 ಗ್ರಾಂ. 100 ಗ್ರಾಂಗೆ 350ರಂತೆ 1,050 ಕಿಲೋಕ್ಯಾಲೊರಿ. ಬೆಳಿಗ್ಗೆ ಅಜ್ಜಿ ತುಪ್ಪ ಸವರಿ ಕೊಡುವ ಒಂದು ಚಪಾತಿ, 155. ಚಹಾದ ಹೊತ್ತಿನಲ್ಲಿ ಐದು ಗ್ಲೂಕೋಸ್ ಬಿಸ್ಕತ್ತು, 100. ರಾತ್ರಿ ಉಳಿದ ಮೊಸರನ್ನ ಒಂದು ಬಟ್ಟಲು, 220. ಮಕ್ಕಳು ಅಂಗಡಿಯಿಂದ ತಂದ, ಹಲ್ಲಿಗೆ ಒಳ್ಳೆಯದು ಎಂದು ಕೊಡುವ ಅಗಿಯುವ ಕಡ್ಡಿ, 80. ಒಟ್ಟು 1,600ರ ಮೇಲೆ. ಇದರಲ್ಲಿ 550ಕ್ಕೂ ಹೆಚ್ಚು ಯಾರೂ ಊಟವೆಂದು ಎಣಿಸದ ಲೆಕ್ಕ. ಚಿಕ್ಕ ನಾಯಿಗಳಲ್ಲಿ ಇದು ಇನ್ನೂ ಕಠಿಣ. 8 ಕಿಲೋ ಇರಬೇಕಾದ ಪಗ್‌ಗೆ ಅದೇ ಸೂತ್ರದಿಂದ ಬರುವುದು ಸುಮಾರು 330. ಆ ತುಪ್ಪದ ಚಪಾತಿಯೊಂದೇ ಅದರ ದಿನದ ಅರ್ಧ ಪಾಲಿನ ಹತ್ತಿರ ಹೋಯಿತು.

ಈ ಪಟ್ಟಿಯನ್ನು ಒಂದು ವಾರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಯಾರನ್ನೂ ದೂರುವುದಕ್ಕಲ್ಲ. ಒಂದೇ ನಾಯಿಗೆ ನಾಲ್ಕು ಜನ ಪ್ರೀತಿಯಿಂದ ಕೊಡುವಾಗ ಪ್ರತಿಯೊಬ್ಬರಿಗೂ ತಮ್ಮ ತುತ್ತು ಮಾತ್ರ ಗೊತ್ತಿರುತ್ತದೆ. ಪಟ್ಟಿ ಕಂಡ ಮೇಲೆ ಅಜ್ಜಿಗೂ ಬೇಸರವಿಲ್ಲದೆ ಮಾತಾಡಬಹುದು. ಅಜ್ಜಿ ಕೊಡುವುದನ್ನು ನಿಲ್ಲಿಸಬೇಕಾಗಿಯೂ ಇಲ್ಲ. ಬೆಳಿಗ್ಗೆ ದಿನದ ಒಣ ಆಹಾರವನ್ನೆಲ್ಲ ತೂಗಿ ಒಂದು ಡಬ್ಬಿಗೆ ಹಾಕಿಡಿ. ನಾಯಿಯ ಊಟ, ಅಜ್ಜಿಯ ತುತ್ತು, ಮಕ್ಕಳು ‘ಶೇಕ್ ಹ್ಯಾಂಡ್’ ಕಲಿಸಲು ಕೊಡುವ ಕಾಳು, ಎಲ್ಲವೂ ಆ ಡಬ್ಬಿಯಿಂದಲೇ ಬರಬೇಕು. ಡಬ್ಬಿ ಬರಿದಾದರೆ ಆ ದಿನದ್ದು ಮುಗಿಯಿತು. ಕೊಡುವ ಸಂತೋಷ ಎಲ್ಲರಿಗೂ ಉಳಿಯುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ಅಳೆಯಲು ಲೋಟ ಬೇಡ. ಒಂದೇ ಲೋಟಕ್ಕೆ ಇಬ್ಬರು ತುಂಬಿದರೆ ಇಬ್ಬರ ಅಳತೆಯೂ ಬೇರೆಯಾಗುತ್ತದೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಈ ಇಡೀ ಕೆಲಸಕ್ಕೆ ಬೇಕಾದ ಅತ್ಯಂತ ಉಪಯುಕ್ತ ವಸ್ತು.

900ರಲ್ಲಿ ಹತ್ತನೇ ಒಂದು ಭಾಗ, ಅಂದರೆ 90, ಊಟದ ಹೊರಗಿನ ತಿನಿಸಿಗೆ ಮೀಸಲಿರಲಿ. ಉಳಿದ 810ಕ್ಕೆ ಅದೇ ಒಣ ಆಹಾರವಾದರೆ 230 ಗ್ರಾಂ ಬರುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಮಾಮೂಲಿ ಆಹಾರವನ್ನು ತೀರಾ ಕಡಿಮೆ ಮಾಡಿದರೆ ಕ್ಯಾಲೊರಿಯ ಜೊತೆಗೆ ಪ್ರೋಟೀನು, ಖನಿಜ, ಜೀವಸತ್ವಗಳೂ ಕಡಿಮೆಯಾಗುತ್ತವೆ. ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತುಂಬಾ ಇಳಿಸಬೇಕಾದ ನಾಯಿಗಳಿಗೆ ವೈದ್ಯರು ಬರೆದುಕೊಡುವ ವಿಶೇಷ ಆಹಾರದಲ್ಲಿ ಕ್ಯಾಲೊರಿ ಕಡಿಮೆ, ಪ್ರೋಟೀನು ಮತ್ತು ನಾರು ಹೆಚ್ಚು. ಬೆಲೆ ಜಾಸ್ತಿ, ನಿಜ. ಆದರೆ ಬಟ್ಟಲು ತುಂಬಿದಂತೆ ಕಾಣುತ್ತದೆ, ನಾಯಿಯ ಹೊಟ್ಟೆಯೂ ತುಂಬುತ್ತದೆ.

ಮನೆಯ ಅಡುಗೆಯನ್ನೇ ಹಾಕುವವರ ಲೆಕ್ಕ ಬೇರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಾಯಿಗೆ ಅನ್ನ ಹಾಲು, ಮೊಸರನ್ನ, ಮುದ್ದೆ, ಅಥವಾ ಅನ್ನಕ್ಕೆ ಒಂದಿಷ್ಟು ಕೋಳಿ ಬೆರೆಸಿ ಹಾಕುವುದು ರೂಢಿ. ದಪ್ಪಗಾದಾಗ ‘ಎಲ್ಲವನ್ನೂ ಅರ್ಧ ಮಾಡೋಣ’ ಎಂದು ಹೊರಡುತ್ತಾರೆ. ಹಾಗೆ ಮಾಡಬಾರದು. ಮೊದಲೇ ಕಡಿಮೆಯಿದ್ದ ಪ್ರೋಟೀನು ಇನ್ನೂ ಕಡಿಮೆಯಾಗುತ್ತದೆ. ಇಳಿಯಬೇಕಾದದ್ದು ಅನ್ನ, ಮುದ್ದೆ, ತುಪ್ಪ, ಎಣ್ಣೆ. ಚರ್ಮ ತೆಗೆದು ಬೇಯಿಸಿದ ಕೋಳಿ, ಮೊಟ್ಟೆ, ಮೀನು ಉಳಿಯಲಿ. ಮೂಳೆ ಮಾತ್ರ ಬೇಡ. ಅನ್ನ ತೆಗೆದ ಜಾಗಕ್ಕೆ ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ, ಸೋರೆಕಾಯಿ ಬರಲಿ. ಆದರೂ ತಿಂಗಳುಗಟ್ಟಲೆ ಮನೆಯ ಊಟದಲ್ಲೇ ತೂಕ ಇಳಿಸುವುದಾದರೆ ಕ್ಯಾಲ್ಸಿಯಂ ಮತ್ತು ಉಳಿದ ಪೋಷಕಾಂಶಗಳ ಪ್ರಮಾಣವನ್ನು ಪಶುವೈದ್ಯರಿಂದ ಬರೆಸಿಕೊಳ್ಳಬೇಕು. ಸಾಂಬಾರು ಕಲಸಿದ ಅನ್ನವನ್ನಂತೂ ಹಾಕಲೇಬಾರದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಬ್ಬದ ದಿನ ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕವಾಗಬಲ್ಲದು. ತುಪ್ಪ ಸುರಿದ ಹೋಳಿಗೆಯಂಥ ಜಿಡ್ಡಿನ ತಿಂಡಿ, ಅದರಲ್ಲೂ ದಪ್ಪ ನಾಯಿಗೆ, ಮೇದೋಜೀರಕ ಗ್ರಂಥಿಯ ಉರಿಯೂತ ತರಬಹುದು. ಸಕ್ಕರೆಯ ಬದಲು ಕ್ಸೈಲಿಟಾಲ್ ಬಳಸಿದ ಯಾವ ತಿನಿಸೂ ನಾಯಿಯ ಹತ್ತಿರ ಸುಳಿಯಬಾರದು.

ಹಸಿವನ್ನು ನಿಭಾಯಿಸುವ ಉಪಾಯಗಳು ಬೇರೆಯೇ. ದಿನದ ಪಾಲನ್ನು ಎರಡರ ಬದಲು ಮೂರು ನಾಲ್ಕು ಸಲವಾಗಿ ಹಂಚಿದರೆ ನಡುವಿನ ಅವಧಿ ಕಿರಿದಾಗುತ್ತದೆ. ಪಿಒಎಂಸಿ ಕೊರತೆಯ ನಾಯಿಗಳಿಗೆ ಕಷ್ಟವಾಗುವುದೇ ಆ ಅವಧಿ. ಬಟ್ಟಲಿನಲ್ಲಿ ಹಾಕಿದರೆ ಒಂದು ನಿಮಿಷದಲ್ಲಿ ಮುಗಿಸುವ ಆಹಾರವನ್ನು ಮನೆಯೊಳಗೆ ನೆಲದ ಮೇಲೆ ಚೆಲ್ಲಿದರೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟರೆ, ಮೂಸಿ ಹುಡುಕಿ ತಿನ್ನಲು ಕಾಲು ಗಂಟೆ ಹಿಡಿಯುತ್ತದೆ. ಮೂಗಿಗೆ ಕೆಲಸ ಸಿಕ್ಕ ನಾಯಿ ಆಮೇಲೆ ನೆಮ್ಮದಿಯಾಗಿ ಮಲಗುತ್ತದೆ. ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ ಹೋಳು ಕೊಡಿ. 100 ಗ್ರಾಂ ಸೌತೆಕಾಯಿಯಲ್ಲಿ 15 ಕಿಲೋಕ್ಯಾಲೊರಿ, ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20. ಕ್ಯಾರೆಟ್ಟೂ ಆದೀತು. ಇನ್ನೊಂದು ಸಂಗತಿ: ನಾಯಿ ಬಂದು ಮುಖ ನೋಡಿದಾಗಲೆಲ್ಲ ಅದು ಅನ್ನವನ್ನೇ ಕೇಳುತ್ತಿರುವುದಿಲ್ಲ. ಎಷ್ಟೋ ಸಲ ಎರಡು ನಿಮಿಷ ಚೆಂಡು ಎಸೆದರೆ, ಕಿವಿಯ ಹಿಂದೆ ಕೆರೆದರೆ ತೃಪ್ತಿಯಾಗಿ ಹೋಗುತ್ತದೆ. ಊಟದ ಮೇಜಿನಿಂದ ಕೊಡುವುದನ್ನು ಮಾತ್ರ ಪೂರ್ತಿ ನಿಲ್ಲಿಸಬೇಕು. ಹತ್ತು ಸಲ ಬೇಡಿದಾಗ ಒಂದು ಸಲ ಸಿಕ್ಕರೂ ಹನ್ನೊಂದನೆಯ ಸಲ ಅದು ಬಂದೇ ಬರುತ್ತದೆ. ನಾವು ಉಣ್ಣುವ ಹೊತ್ತಿಗೆ ಅದರ ಪಾಲನ್ನು ಬೇರೆ ಕೋಣೆಯಲ್ಲಿ ಕೊಡುವುದು ಇಬ್ಬರಿಗೂ ಸುಲಭ.

ವ್ಯಾಯಾಮ ಬೇಕು, ಆದರೆ ಅದರಿಂದಲೇ ತೂಕ ಇಳಿಯುತ್ತದೆ ಎಂದು ನಂಬಿ ಕೂರಬಾರದು. ನಡಿಗೆಯಲ್ಲಿ ನಾಯಿ ಒಂದು ಕಿಲೋಮೀಟರಿಗೆ ಖರ್ಚು ಮಾಡುವುದು ತನ್ನ ತೂಕದ ಪ್ರತಿ ಕಿಲೋಗೆ ಸುಮಾರು 1 ಕಿಲೋಕ್ಯಾಲೊರಿ. 39 ಕಿಲೋದ ನಾಯಿ ಎರಡು ಕಿಲೋಮೀಟರು ನಡೆದು ಬಂದರೆ 80ರ ಆಸುಪಾಸು ಖರ್ಚಾಯಿತು. ಅಂದರೆ ನಾಲ್ಕು ಬಿಸ್ಕತ್ತು. ನಡಿಗೆಯ ನಿಜವಾದ ಲಾಭ ಸ್ನಾಯು ಉಳಿಯುವುದು, ಕೀಲು ಸಡಿಲವಾಗುವುದು, ಮನಸ್ಸು ಹಗುರಾಗುವುದು. ದಪ್ಪ ನಾಯಿಯನ್ನು ಮೊದಲ ದಿನವೇ ಓಡಿಸಿದರೆ ಮಂಡಿಯ ಅಸ್ಥಿರಜ್ಜು ಹರಿಯುವ ಅಪಾಯವಿದೆ. ಹತ್ತು ಹದಿನೈದು ನಿಮಿಷದ ನಡಿಗೆ ದಿನಕ್ಕೆ ಎರಡು ಸಲ, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚು. ಕುಂಟುವ ನಾಯಿಗೆ ಸಾಧ್ಯವಿದ್ದರೆ ಈಜು ಒಳ್ಳೆಯದು, ನೀರಿನಲ್ಲಿ ಕೀಲಿನ ಮೇಲೆ ಭಾರ ಬೀಳುವುದಿಲ್ಲ.

ಬಿಸಿಲಿನ ಬಗ್ಗೆ ಬಿಗಿಯಾಗಿಯೇ ಹೇಳಬೇಕು. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಚರ್ಮದ ಕೆಳಗಿನ ಕೊಬ್ಬು ಶಾಖವನ್ನು ಹೊರಗೆ ಬಿಡುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಿನ ದಾರಿಯೇ ಕಿರಿದು, ಅದರ ಮೇಲೆ ಕೊಬ್ಬೂ ಸೇರಿದರೆ ಶಾಖಾಘಾತ ಬಹಳ ಬೇಗ ಬರುತ್ತದೆ, ಪ್ರಾಣಕ್ಕೇ ಬರುತ್ತದೆ. ಕಲಬುರಗಿ, ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಸೂರ್ಯ ಏರುವ ಮೊದಲೇ ನಡಿಗೆ ಮುಗಿಯಬೇಕು. ಮುಂಗೈಯ ಹಿಂಬದಿಯನ್ನು ಡಾಂಬರಿನ ಮೇಲಿಟ್ಟು ಕೆಲವು ಸೆಕೆಂಡು ತಡೆಯಲಾಗದಿದ್ದರೆ ಅಲ್ಲಿ ನಾಯಿಯ ಪಾದವೂ ಸುಡುತ್ತದೆ.

ವಾರಕ್ಕೊಮ್ಮೆ ಇಲ್ಲವೇ ಎರಡು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡಿ. ಸಣ್ಣ ನಾಯಿಯನ್ನು ಎತ್ತಿಕೊಂಡು ನೀವು ನಿಂತು, ನಿಮ್ಮ ತೂಕ ಕಳೆದರೆ ಆಯಿತು. ದೊಡ್ಡದನ್ನು ಕ್ಲಿನಿಕ್ಕಿನ ಯಂತ್ರಕ್ಕೇ ಕರೆದೊಯ್ಯಬೇಕು, ತೂಗಿ ಬರುವುದಕ್ಕಷ್ಟೇ ಹೋದರೆ ಯಾರೂ ಬೇಡವೆನ್ನುವುದು ಕಡಿಮೆ. ವಾರಕ್ಕೆ ತೂಕದ ಶೇ 1ರಿಂದ 2ರಷ್ಟು ಇಳಿಯುವುದು ಸುರಕ್ಷಿತ ವೇಗ. 39 ಕಿಲೋಗೆ ಅದು 400ರಿಂದ 800 ಗ್ರಾಂ. ಶೇ 1ರ ವೇಗದಲ್ಲಿ 30ಕ್ಕೆ ತಲುಪಲು ಆರು ತಿಂಗಳು ಬೇಕು. ನಡುವೆ ಒಂದೆರಡು ಮದುವೆ, ಹಬ್ಬ, ಮಳೆಗಾಲ ಬಂದರೆ ಇನ್ನೂ ಹೆಚ್ಚು. ಎರಡು ಮೂರು ವಾರ ಮುಳ್ಳು ಅಲ್ಲಾಡದೆ ನಿಲ್ಲುವುದೂ ಸಹಜ. ಮೈ ಹಗುರಾದಂತೆ ಅದರ ಖರ್ಚೂ ಕಡಿಮೆಯಾಗುತ್ತದೆ. ಆಗ ಮೊದಲು ಡಬ್ಬಿಯ ಹೊರಗಿನಿಂದ ಏನಾದರೂ ಹೋಗುತ್ತಿದೆಯೇ ಎಂದು ವಿಚಾರಿಸಿ. ಕೆಲಸದವರು, ಪಕ್ಕದ ಮನೆಯವರು, ಅಪಾರ್ಟ್‌ಮೆಂಟಿನ ಕಾವಲುಗಾರರು ಎಲ್ಲರನ್ನೂ ಕೇಳಿ. ಏನೂ ಇಲ್ಲವಾದರೆ ವೈದ್ಯರನ್ನು ಕೇಳಿ ಡಬ್ಬಿಯ ಪಾಲನ್ನು ಶೇ 10ರಷ್ಟು ಇಳಿಸಿ. ವಾರಕ್ಕೆ ಶೇ 2ಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ ಅದೇ ರೀತಿ ಹೆಚ್ಚಿಸಿ. ಮನುಷ್ಯರ ತೂಕ ಇಳಿಸುವ ಮಾತ್ರೆ, ಚುಚ್ಚುಮದ್ದುಗಳನ್ನು ನಾಯಿಗೆ ಪ್ರಯೋಗಿಸುವ ಯೋಚನೆಯೇ ಬೇಡ.

ಗುರಿ ಮುಟ್ಟಿದ ತಿಂಗಳು ಬಹಳ ನಾಯಿಗಳು ಮತ್ತೆ ಜಾರುತ್ತವೆ, ಏಕೆಂದರೆ ಮನೆಯವರು ಸಂತೋಷದಿಂದ ಹಳೆಯ 1,600ಕ್ಕೆ ಮರಳಿರುತ್ತಾರೆ. ಈಗ 30 ಕಿಲೋ ಇರುವ ದೇಹಕ್ಕೆ ಅಷ್ಟು ಎಂದೂ ಬೇಕಾಗಿರಲಿಲ್ಲ. ಡಬ್ಬಿಯ ಪಾಲನ್ನು ಒಂದು ಸಲಕ್ಕೆ ಶೇ 10ರಷ್ಟು ಹೆಚ್ಚಿಸಿ, ಎರಡು ವಾರ ತೂಗಿ ನೋಡಿ, ಇನ್ನೂ ಇಳಿಯುತ್ತಿದ್ದರೆ ಮತ್ತೊಂದಿಷ್ಟು ಹೆಚ್ಚಿಸಿ. ತೂಕ ಏರದೆ ಇಳಿಯದೆ ನಿಂತ ಪ್ರಮಾಣವೇ ನಿಮ್ಮ ನಾಯಿಯದ್ದು. ಅದನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ, ತಿಂಗಳಿಗೊಮ್ಮೆ ತೂಗುವುದನ್ನು ಮುಂದುವರಿಸಿ, ಸ್ನಾನ ಮಾಡಿಸುವಾಗ ಪಕ್ಕೆಗಳ ಮೇಲೆ ಕೈಯಾಡಿಸಿ ನೋಡುತ್ತಿರಿ.